ಮಖಮಲ್ಲಿನ ಆನೆ ಹೊಲಿದ ವರ್ಷ

ಹೋದ ತಿಂಗಳು ಸಿಂಧನೂರಿನಲ್ಲಿ ಹಳೆಯ ಗಾದಿಯ ಹತ್ತಿ ಹಿಂಜಿಸಲು ಒಂದು ಅಂಗಡಿಗೆ ಹೋಗಿದ್ದೆ. ಈಗ ಆ ಕೆಲಸವನ್ನೂ ಯಂತ್ರವೇ ಮಾಡುತ್ತದೆ. ಒಂದು ಕಡೆಯಿಂದ ಗಂಟುಗಂಟಾದ ಹತ್ತಿ ಒಳಗೆ ಹೋಗಿ ಇನ್ನೊಂದು ಕಡೆಯಿಂದ ನೊರೆಯಂಥ ಅರಳೆ ಹಾರಿ ಬರುತ್ತಿತ್ತು. ಆ ವಾಸನೆ ಮೂಗಿಗೆ ಹೊಡೆಯಿತು. ಬಿಸಿಲಲ್ಲಿ ಕಾದ ಧೂಳಿನದು ಅರ್ಧ, ಹತ್ತಿಕಾಳಿನ ಜಿಡ್ಡಿನದು ಅರ್ಧ. ಕೆಮ್ಮುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಜೊತೆಗಿದ್ದ ಮಗಳು ರೇಣುಕಾ, "ಯಾಕಪ್ಪಾ, ಉಸಿರು ಕಟ್ಟಾಕತ್ತೈತೇನು?" ಎಂದು ಕೇಳಿದಳು. ಹೂಂ ಅಂದೆ. ಮಸ್ಕಿಯಲ್ಲಿ ನಾವು ಕಳೆದ ಒಂದು ವರ್ಷ ಕಣ್ಣಮುಂದೆ ಬಂದು ನಿಂತಿದೆ ಎಂದು ಅವಳಿಗೆ ಹೇಗೆ ಹೇಳುವುದು?

ಆ ವರ್ಷ ನಾನು ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ರೇಣುಕಾಗೆ ಆಗ ನಾಲ್ಕು ವರ್ಷ, ಅವಳಿಗೆ ಅರ್ಧ ಕಥೆಯಷ್ಟೇ ಗೊತ್ತು. ಪೂರ್ತಿ ಬರೆದಿಡಬೇಕು ಅನ್ನಿಸಿ ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಆಕೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ತಲೆ ಎತ್ತದೆ, "ಬರೀರಿ. ಆದ್ರ ಕಮ್ಮಿ ಮಾಡಿ ಬರೀಬ್ಯಾಡ್ರಿ" ಅಂದಳು. ಹಾಗಾಗಿ ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಸ್ಕಿಯಲ್ಲಿ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಗೆ ಮುಖಮಾಡಿ ನನ್ನ ಟೇಲರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಳೆಯ ಸೀರೆಯ ಪರದೆ. ಬೇಸಿಗೆಯಲ್ಲಿ ಹಿತ್ತಲ ಕಡೆಯ ಗುಡ್ಡದ ಬಂಡೆಗಳು ಕಾದು ಸಂಜೆಯಾದರೂ ಮನೆಗೆ ಬಿಸಿ ಊದುತ್ತಿದ್ದವು. ನಾನು ಕೆಲಸ ಕಲಿತದ್ದು ಲಿಂಗಸುಗೂರಿನ ಮೌಲಾಸಾಬ್ ಉಸ್ತಾದರ ಹತ್ತಿರ, ಎಂಟು ವರ್ಷ. ಪ್ಯಾಂಟು ನನ್ನ ಹೆಚ್ಚುಗಾರಿಕೆ. ನಾನು ಹೊಲಿದ ಪ್ಯಾಂಟು ತೊಟ್ಟವನು ಕುಳಿತು ಎದ್ದರೂ ಗೆರೆ ಮುರಿಯುತ್ತಿರಲಿಲ್ಲ. ಆದರೂ ಉಸ್ತಾದರು ಆ ಎಂಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಹೊಗಳಲಿಲ್ಲ. ಹೊಲಿದದ್ದನ್ನು ಒಳಮಗ್ಗುಲು ತಿರುಗಿಸಿ, ಕನ್ನಡಕ ಹಣೆಗೇರಿಸಿ, ಹೊಲಿಗೆಗಳ ಮೇಲೆ ಹೆಬ್ಬೆರಳು ಎಳೆದು, "ಹೂಂ, ನಡೀತೈತಿ" ಅನ್ನುತ್ತಿದ್ದರು. ನನ್ನ ಸ್ವಂತ ಅಂಗಡಿಗೆ ಬೋರ್ಡು ಹಾಕಿದ ದಿನವೂ ಅದನ್ನು ನೋಡಿ ಹೇಳಿದ್ದು ಅಷ್ಟೇ.

ಹೆಂಡತಿ ದೇವಮ್ಮ ಜವಳಗೇರಾದವಳು. ಕಾಲುವೆ ನೀರಿನ ಊರು, ಗದ್ದೆಯ ಕೆಸರಿನಲ್ಲಿ ಬೆಳೆದವಳು. ಶಾಲೆ ನಾಲ್ಕನೇ ಇಯತ್ತೆಗೆ ನಿಂತಿತ್ತು. ಮದುವೆಯಾದ ಮೇಲೆ ಗುಂಡಿಗಳಿಗೆ ಕಾಜಾ ಹಾಕುವುದು, ಪ್ಯಾಂಟಿನ ಕೆಳಗಿನ ಪಟ್ಟಿ ಮಡಚಿ ಕೈಹೊಲಿಗೆ ಹಾಕುವುದು ಇಷ್ಟನ್ನು ನಾನೇ ಕಲಿಸಿದ್ದೆ. ಕತ್ತರಿ ಮಾತ್ರ ಕೊಟ್ಟಿರಲಿಲ್ಲ. ಹೆಂಗಸರ ಕೈಗೆ ಕತ್ತರಿ ಕೊಟ್ಟರೆ ಬಟ್ಟೆ ಕೆಡುತ್ತದೆ ಎಂದು ಗಿರಾಕಿಗಳ ಎದುರೇ ಹೇಳುತ್ತಿದ್ದೆ. ಆಕೆ ನಗುತ್ತಿದ್ದಳು. ಒಪ್ಪಿಕೊಂಡಿದ್ದಾಳೆ ಎಂದು ನಾನು ತಿಳಿದಿದ್ದೆ.

ಮುಂಗಾರಿನ ದಿನಗಳು. ಜನರೆಲ್ಲ ಬಿತ್ತನೆಯಲ್ಲಿದ್ದರು, ಅಂಗಡಿಗೆ ಯಾರೂ ಬರುತ್ತಿರಲಿಲ್ಲ. ಶಾಲೆಯ ಟೀಚರಮ್ಮ ಒಬ್ಬರು ಹಳೆಯ ವಾರಪತ್ರಿಕೆಗಳ ಕಟ್ಟೊಂದನ್ನು ನನಗೆ ಕೊಡುತ್ತಿದ್ದರು. ಅಳತೆಯ ಪ್ರಕಾರ ಕಾಗದ ಕತ್ತರಿಸಿಕೊಳ್ಳಲು ಅವು ಬೇಕಾಗುತ್ತಿದ್ದವು. ಒಂದು ಮಧ್ಯಾಹ್ನ ಕಟ್ಟು ಬಿಚ್ಚಿದಾಗ ಪತ್ರಿಕೆಯೊಂದರ ನಡುವಿನಿಂದ ಎಂಟು ಮಡಿಕೆಯ ಹಾಳೆ ಜಾರಿಬಿತ್ತು. ಬಿಡಿಸಿದರೆ ಮೇಜಿನಷ್ಟು ದೊಡ್ಡದು. ಅದರ ಮೇಲೆ ಅಂಡಾಕಾರದ, ಬಾಗಿದ ಗೆರೆಗಳ ಚಿತ್ರಗಳು. "ಮೊದಲ ಸಲ ಸೂಜಿ ಹಿಡಿಯುವವರಿಗೆ ಉಚಿತ ನಕ್ಷೆ: ಪುಟ್ಟ ಆನೆ" ಎಂದು ಮೇಲೆ ಬರೆದಿತ್ತು. ಹುಡುಗರ ಆಟ ಎಂದು ಮುದ್ದೆ ಮಾಡಿ ಮೂಲೆಗೆ ಎಸೆದೆ. ಸಂಜೆ ಕಸ ಗುಡಿಸಲು ಬಂದ ದೇವಮ್ಮ ಅದನ್ನು ಮಂಡಿಯ ಮೇಲಿಟ್ಟು ಅಂಗೈಯಿಂದ ತೀಡಿ ನೆಟ್ಟಗೆ ಮಾಡಿದಳು. ಮರುದಿನ ಬಂದು ಕೇಳಿದಳು.

"ಮದುವಿ ಗಾದಿ ಹೊಲದಿದ್ರಲ್ಲ, ಅದರ ಮಖಮಲ್ ತುಂಡು ಉಳದಾವೇನು?"

"ಯಾಕ?"

"ರೇಣಿಗೆ ಆನಿ ಮಾಡ್ತೀನಿ."

ಬೂದು ಬಣ್ಣದ ಎರಡು ತುಂಡು ಕೊಟ್ಟೆ. ಕತ್ತರಿಯನ್ನೂ ಕೊಟ್ಟೆ, ಹಳೆಯದನ್ನು. ಹೇಗೂ ಕೆಡಿಸುತ್ತಾಳೆ, ನೋಡೋಣ ಎಂಬ ಕುತೂಹಲ ನನಗೆ. ಆಕೆ ನಕ್ಷೆಯ ಕೆಳಗೆ ಬರೆದದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ಒಂದು ಕಡೆ ನಿಂತು, "ಅರ್ಧ ಇಂಚು ಬಿಡಬೇಕು ಅಂತ ಬರದಾರ. ಗೆರಿ ಹೊರಗೋ, ಒಳಗೋ?" ಎಂದು ಕೇಳಿದಳು. ಟೇಲರ್‌ನ ಮನೆಯಲ್ಲಿ ಅದೊಂದು ಪ್ರಶ್ನೆಯೇ? ಗೆರೆಯ ಹೊರಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ಓದಾಕ ಬರ್ತೈತಲ್ಲ, ಓದ್ಕೋ" ಅಂದೆ. ಆಕೆ ಒಳಗೆ ಬಿಟ್ಟಳು. ಆನೆ ಹುಟ್ಟುವ ಮೊದಲೇ ಸಣ್ಣದಾಯಿತು. ಹೊಟ್ಟೆಯ ಪಟ್ಟಿ ಎಳೆದು, ಒಂದು ಕಾಲು ಮೇಲಕ್ಕೆ ಸರಿದು, ಇಲಿಗೆ ಸೊಂಡಿಲು ಬಂದಂತೆ ಕಾಣಿಸಿತು. ಗಿರಾಕಿಯೊಬ್ಬನಿಗೆ ತೋರಿಸಿ ಇಬ್ಬರೂ ನಕ್ಕೆವು. ದೇವಮ್ಮನೂ ನಕ್ಕಳು. ಆಮೇಲೆ ಒಳಗೆ ಹೋಗಿ ಕುಳಿತು, ಹೊಲಿಗೆಗಳನ್ನೆಲ್ಲ ಬಿಚ್ಚಿದಳು.

ಎರಡನೆಯದಕ್ಕೆ ಬಟ್ಟೆ ಚಿಂದಿ ತುಂಬಿದಳು. ಅದು ಕಲ್ಲಿನಂತೆ ಭಾರವಾಯಿತು. ಮೂರನೆಯದರ ಹೊತ್ತಿಗೆ ದಸರೆ ಬಂತು. ಅಷ್ಟರಲ್ಲಿ ಸುತ್ತಲ ಕಪ್ಪು ನೆಲದಲ್ಲಿ ಹತ್ತಿ ಒಡೆಯಲು ಶುರುವಾಗಿತ್ತು. ದೇವಮ್ಮ ಓಣಿಯ ಹೆಂಗಸರ ಜೊತೆ ಹತ್ತಿ ಬಿಡಿಸಲು ಹೋಗಿ ಸೆರಗಿನಲ್ಲಿ ಒಂದಿಷ್ಟು ತಂದಳು. ಕಾಳು ಬಿಡಿಸಿ, ಬೆರಳಿನಿಂದಲೇ ಎಳೆ ಎಳೆಯಾಗಿ ಹಿಂಜಿ, ಬಿಸಿಲಿಗೆ ಹರವಿದಳು. ಮನೆಯ ತುಂಬ ಆ ವಾಸನೆ. ಸೊಂಡಿಲನ್ನು ಒಳಮಗ್ಗುಲು ಹೊಲಿದು, ಮುರಿದ ಕೊಡೆಯ ಕಡ್ಡಿಯಿಂದ ಹೊರಕ್ಕೆ ತಿರುಗಿಸಿದಳು. ಅರಳೆಯನ್ನು ಕಾಲುಗಳಿಗೆ ಬಿಗಿಯಾಗಿ, ಹೊಟ್ಟೆಗೆ ಸಡಿಲಾಗಿ ತುಂಬಿದಳು. ಹಾಗೆ ತುಂಬಬೇಕೆಂದು ನಕ್ಷೆಯಲ್ಲಿ ಬರೆದಿರಲಿಲ್ಲ. ನಾನು ಆಮೇಲೆ ಹುಡುಕಿ ನೋಡಿದ್ದೇನೆ.

ಮೂರನೆಯ ಆನೆ ನಿಂತಿತು. ನಾಲ್ಕೂ ಕಾಲಿನ ಮೇಲೆ, ತಲೆ ಸ್ವಲ್ಪ ಓರೆ ಮಾಡಿ, ಯಾರೋ ಕರೆದದ್ದು ಕೇಳಿಸಿತೇನೋ ಎಂಬಂತೆ. ರೇಣುಕಾ ಕೂಗಿ ಬಂದು ಎತ್ತಿಕೊಂಡಳು. ದೇವಮ್ಮ ನನ್ನ ಮುಖ ನೋಡಿದಳು. ನಾನು ಆ ಆನೆಯನ್ನು ಮಗಳ ಕೈಯಿಂದ ತೆಗೆದುಕೊಂಡು, ಹೊಲಿಗೆಗಳ ಮೇಲೆ ಹೆಬ್ಬೆರಳು ಎಳೆದು, "ಹೂಂ, ನಡೀತೈತಿ" ಅಂದೆ.

ಹೊಟ್ಟೆಕಿಚ್ಚು ಮೊದಲ ಸಲ ಎದ್ದದ್ದು ಆವಾಗಲೇ.

ದೀಪಾವಳಿಗೆ ಮುಂಚೆ ಟೀಚರಮ್ಮ ರವಿಕೆ ಬಟ್ಟೆ ತಂದರು. ಆರು ವರ್ಷದಿಂದ ಅವರ ಮನೆಯ ಗಂಡಸರ ಪ್ಯಾಂಟು, ಅಂಗಿ ಎಲ್ಲ ನನ್ನ ಕೈಯಲ್ಲೇ ಆಗುತ್ತಿದ್ದವು. ಒಮ್ಮೆಯೂ ಚೆನ್ನಾಗಿದೆ ಅಂದವರಲ್ಲ, ಸಡಿಲಾಗಿದ್ದರೆ ಮಾತ್ರ ಬಾಯಿ ಬಿಡುತ್ತಿದ್ದರು. ಅಂಥವರು ರೇಣುಕಾಳ ಕಂಕುಳಲ್ಲಿದ್ದ ಆನೆ ನೋಡಿ ಮಾತು ನಿಲ್ಲಿಸಿದರು.

"ಅಯ್ಯ! ಇದನ್ನ ಎಲ್ಲಿಂದ ತರಿಸಿದ್ರಿ ಯಮನೂರಪ್ಪ? ಬೊಂಬಾಯಿದೇನು?"

"ಅಲ್ರಿ, ಮನ್ಯಾಗ ಮಾಡ್ಯಾಳ."

"ದೇವಮ್ಮನ? ಈ ಕಣ್ಣು ನೋಡ್ರಿ, ಹೆಂಗ ನೋಡಾಕತ್ತೈತಿ! ದೇವಮ್ಮಾ, ಬಾ ಇಲ್ಲೆ. ನನ್ನ ತಂಗಿ ಮಗೂಗೆ ಒಂದು ಮಾಡಿ ಕೊಡ್ಬೇಕು ನೀ."

ರವಿಕೆಯ ಅಳತೆ ಹೇಳುವುದನ್ನೂ ಮರೆತು ಅವರು ಪರದೆಯಾಚೆ ಹೋಗಿ ಅರ್ಧ ತಾಸು ಕುಳಿತರು. ನಾನು ಇಂಚುಟೇಪು ಕುತ್ತಿಗೆಗೆ ಹಾಕಿಕೊಂಡು ಒಬ್ಬನೇ ನಿಂತಿದ್ದೆ.

ಆಮೇಲೆ ಒಬ್ಬರಿಂದ ಒಬ್ಬರಿಗೆ ಮಾತು ಹೋಯಿತು. ದೇವಮ್ಮ ಕೇಳಿದವರಿಗೆಲ್ಲ ಆನೆ ಮಾಡಿಕೊಟ್ಟು, ಒಂದನ್ನು ಅಂಗಡಿಯ ಕಪಾಟಿನ ಮೇಲೂ ಇಟ್ಟಳು. ಮಕ್ಕಳ ಕೈಹಿಡಿದು ತಾಯಂದಿರು ಬರತೊಡಗಿದರು. "ಆನಿ ಮಾಡೋ ಅಕ್ಕ ಅದಾರೇನ್ರಿ?" ಎಂದು ನನ್ನ ಭುಜದ ಮೇಲಿಂದ ಪರದೆಯ ಕಡೆ ನೋಡುತ್ತ ಕೇಳುವರು. ಪ್ಯಾಂಟು ತೊಟ್ಟು ನೋಡಲು ಬಂದ ಗಂಡಸರು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಳ್ಳುವ ಬದಲು ಕಪಾಟಿನ ಮೇಲಿನ ಆನೆಯನ್ನು ನೋಡುವರು. ದೇವಮ್ಮ ಬದಲಾದಳು ಎಂದು ನನಗೆ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಆಕೆ ಬದಲಾದದ್ದು ಇಷ್ಟೇ: ಸೂಜಿ ಬೇಕಾದಾಗ ನನ್ನನ್ನು ಕೇಳದೆ ತೆಗೆದುಕೊಳ್ಳುತ್ತಿದ್ದಳು, ಕೆಲಸ ಮಾಡುತ್ತ ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಆ ಗುನುಗು ಕೇಳಿದರೆ ಮಷಿನ್ ತುಳಿಯುವ ನನ್ನ ಕಾಲು ತಾನಾಗಿ ಜೋರಾಗುತ್ತಿತ್ತು. ಚಟ್ನಿಗೆ ಉಪ್ಪು ಹೆಚ್ಚಾಗಿದೆ ಎಂದು ಬೈಯುವೆ. ಕಾಜಾ ಸೊಟ್ಟಗಿದೆ ಎಂದು ಬಿಚ್ಚಿಸುವೆ. ಒಂದೂ ಸೊಟ್ಟಗಿರುತ್ತಿರಲಿಲ್ಲ.

ಒಂದು ಸಲ ಆಕೆ ತವರಿಗೆ ಹೋದಾಗ, ಬಾಗಿಲು ಅರ್ಧ ಮುಚ್ಚಿ ನಾನೂ ಕುಳಿತೆ. ಅದೇ ನಕ್ಷೆ, ಅದೇ ಬಟ್ಟೆ, ಹೊಸ ಕತ್ತರಿ. ಗೆರೆಗೆ ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿದೆ. ಮಷಿನ್ನಿನಲ್ಲಿ ಒಂದು ಗಂಟೆಯಲ್ಲಿ ಹೊಲಿದು ಮುಗಿಸಿದೆ. ಬಾಗಿದ ಕಡೆ ಸಣ್ಣ ಸಣ್ಣ ಕಚ್ಚು ಹಾಕಿದೆ. ಬಿಗಿಯಾಗಿ ತುಂಬಿ ಮೇಜಿನ ಮೇಲೆ ನಿಲ್ಲಿಸಿ ನೋಡಿದೆ. ಕಾಲುಗಳು ಇಸ್ತ್ರಿ ಮಾಡಿದ ಪ್ಯಾಂಟಿನಂತೆ ಸೆಟೆದು ನಿಂತಿದ್ದವು. ಮುಖದಲ್ಲಿ ಏನೂ ಇರಲಿಲ್ಲ. ಕಣ್ಣಿನ ಗುಂಡಿಗಳನ್ನು ಕಿತ್ತು ಕೆಳಗೆ ಹಚ್ಚಿದೆ, ಮೇಲೆ ಹಚ್ಚಿದೆ. ಅಂಗಿಗೆ ಹಚ್ಚಿದ ಗುಂಡಿಯ ಹಾಗೇ ಇದ್ದವು. ಆಕೆ ಬರುವ ಮೊದಲು ಅದನ್ನು ಚಿಂದಿಯ ಚೀಲದ ತಳಕ್ಕೆ ತುರುಕಿದೆ. ಎಂಟು ವರ್ಷ ಉಸ್ತಾದರ ಬೈಗುಳ ತಿಂದು ಕಲಿತವನು ನಾನು. ಆಕೆಗೆ ಒಂದು ಪುಕ್ಕಟೆ ಕಾಗದ ಕಲಿಸಿತ್ತು. ಈ ಮಾತು ನನ್ನನ್ನು ಒಳಗೇ ಕಡಿಯುತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಉಸ್ತಾದರು ಬಂದರು. ಮಗನ ಮದುವೆಗೆ ಕರೆಯಲು ಮಸ್ಕಿಗೆ ಬಂದವರು ನನ್ನ ಅಂಗಡಿಗೂ ಬಂದು, ನಾನು ಒರೆಸಿ ಹಾಕಿದ ಕುರ್ಚಿಯ ಮೇಲೆ ಕುಳಿತರು. ಕಣ್ಣು ಸುತ್ತಲೂ ಹೋಯಿತು. ತೂಗುಹಾಕಿದ್ದ ಸೂಟಿನ ಪ್ಯಾಂಟು ನೋಡುತ್ತಾರೇನೋ ಎಂದು ಕಾದೆ. ಅವರು ಎದ್ದು ಕಪಾಟಿನ ಮೇಲಿನ ಆನೆಯನ್ನು ತೆಗೆದುಕೊಂಡರು. ಕನ್ನಡಕ ಹಣೆಗೇರಿತು. ಹೊಟ್ಟೆಯ ಹೊಲಿಗೆಯ ಮೇಲೆ, ಕಿವಿಯ ಸಂದಿಯಲ್ಲಿ, ಸೊಂಡಿಲಿನ ಒಳಬಾಗಿನಲ್ಲಿ ಹೆಬ್ಬೆರಳು ನಿಧಾನವಾಗಿ ಓಡಾಡಿತು.

"ಯಾರ ಕೈ ಲೇ ಇದು?"

ನಾನು ಮೇಜಿನ ಮೇಲಿನ ಕತ್ತರಿಯನ್ನು ಸರಿಸಿಟ್ಟೆ.

"ಇದರಾಗ ಹುನರ್ ಐತಿ. ಬಟ್ಟಿಗೆ ಜೀವ ಹಾಕ್ಯಾರ. ಯಾರು ಹೊಲದಾರ ಹೇಳು."

ಹುನರ್, ಕೈಯಲ್ಲಿರುವ ಕಲೆ. ಎಂಟು ವರ್ಷ ಆ ಬಾಯಿಂದ ಆ ಒಂದು ಮಾತು ಕೇಳಲು ನಾನು ಕಾದಿದ್ದೆ. ಈಗ ಬಂದಿತ್ತು, ನನ್ನ ಪಕ್ಕದಿಂದ ಹಾದುಹೋಗುತ್ತಿತ್ತು. ಕೈಚಾಚಿ ಹಿಡಿದುಬಿಟ್ಟೆ.

"ನಂದೇ, ಉಸ್ತಾದ್."

ಅಷ್ಟರಲ್ಲಿ ಪರದೆ ಸರಿಯಿತು. ದೇವಮ್ಮ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಕಪ್ಪನ್ನು ಉಸ್ತಾದರ ಮುಂದಿಟ್ಟಳು. ತಟ್ಟೆಯಲ್ಲಿ ಒಂದು ಹನಿ ಚೆಲ್ಲಿರಲಿಲ್ಲ. ನನ್ನ ಕಡೆ ತಿರುಗಿ, "ಸಕ್ರಿ ಸಾಕಾಗೈತೇನು ಕೇಳ್ರಿ ಅವರಿಗೆ" ಅಂದು ಒಳಗೆ ಹೋದಳು. ಉಸ್ತಾದರು ಎದ್ದು ನನ್ನ ಬೆನ್ನು ತಟ್ಟಿದರು. "ಶಾಬಾಸ್ ಬೇಟಾ. ಇದನ್ನ ನಾ ಒಯ್ತೀನಿ. ಬಜಾರದಾಗ ಎಲ್ಲರಿಗೂ ತೋರಸ್ತೀನಿ, ನನ್ನ ಶಾಗಿರ್ದ, ನನ್ನ ಶಿಷ್ಯ ಮಾಡ್ಯಾನ ಅಂತ." ಆ ಕೈ ಬೆನ್ನಿನ ಮೇಲೆ ಬಿದ್ದಾಗ ನನಗೆ ಸಂತೋಷವಾಯಿತು. ಇದನ್ನೂ ಬರೆಯಬೇಕು. ನಿಜಕ್ಕೂ ಸಂತೋಷವಾಯಿತು.

ಅವರು ಬಸ್ಸು ಹತ್ತಿದ ಮೇಲೆ ಒಳಗೆ ಹೋದೆ. ಬೈಗುಳಕ್ಕೆ, ಅಳುವಿಗೆ ತಯಾರಾಗಿದ್ದೆ. ದೇವಮ್ಮ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಹಾಕಿದಳು. ಮರುದಿನ ಬೆಳಿಗ್ಗೆ ಆನೆಯ ನಕ್ಷೆಯನ್ನು ಎಂಟು ಮಡಿಕೆ ಮಾಡಿ ನನ್ನ ಮೇಜಿನ ಮೇಲೆ ಇಟ್ಟಳು.

"ತಗೋರಿ. ನಿಮ್ಮದಂತಲ್ಲ."

ಅವತ್ತಿನಿಂದ ಆಕೆ ಆನೆ ಹೊಲಿಯಲಿಲ್ಲ. ಕಾಜಾ ಹಾಕಿದಳು, ಪಟ್ಟಿ ಮಡಚಿದಳು, ಹೇಳಿದ್ದೆಲ್ಲ ಮಾಡಿದಳು. ಗುನುಗು ನಿಂತುಹೋಯಿತು. ಯಾರಾದರೂ ಬಂದು ಕೇಳಿದರೆ, "ಅವರನ್ನ ಕೇಳ್ರಿ, ಆನಿ ಅವರದು" ಅನ್ನುವಳು. ನಾನು ಏನು ಹೇಳುವುದು? ಬಟ್ಟೆ ಇಲ್ಲ ಎಂದು ಸಾಗಹಾಕುತ್ತಿದ್ದೆ. ಆ ಮಡಚಿದ ಕಾಗದ ಮೇಜಿನ ಮೇಲೆ ಹತ್ತು ದಿನ ಇತ್ತು. ಅದನ್ನು ನೋಡಿದರೆ ಆಗುತ್ತಿರಲಿಲ್ಲ, ತೆಗೆದಿಡಲೂ ಆಗುತ್ತಿರಲಿಲ್ಲ. ಹನ್ನೊಂದನೆಯ ದಿನ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುವಾಗ ಅದನ್ನೂ ಒಳಗೆ ಹಾಕಿದೆ. ಭಗ್ಗೆಂದು ಉರಿದು ಬೂದಿಯಾಯಿತು. ಅದೇ ಇಸ್ತ್ರಿಯಿಂದ ಮೂರು ಪ್ಯಾಂಟು ತೀಡಿದೆ. ಆಗಲೂ ಹೊಟ್ಟೆಯ ಉರಿ ಆರಲಿಲ್ಲ. ಕಾಗದ ಸುಟ್ಟರೂ ಕೈ ಆಕೆಯದೇ ಎಂದು ನನಗೆ ತಿಳಿದಿತ್ತಲ್ಲ.

ಯುಗಾದಿಗೆ ಎರಡು ವಾರ ಇರುವಾಗ ಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಬಂದರು. ಚಿನ್ನದ ಗಣಿಯಲ್ಲಿ ಕೆಲಸ ಮಾಡುವವರ ಕ್ವಾರ್ಟರ್ಸಿನ ಹೆಂಗಸರೆಲ್ಲ ಕೂಡಿ ಹೊಲಿಗೆ ಕಲಿಯುವ ವರ್ಗ ಶುರು ಮಾಡಿದ್ದರಂತೆ. ಗಂಡಂದಿರು ಪಾಳಿಯ ಮೇಲೆ ಹೋದಾಗ ಮಧ್ಯಾಹ್ನ ಎರಡು ತಾಸು ಬಿಡುವು. ಲಿಂಗಸುಗೂರು ಬಜಾರಿನಲ್ಲಿ ಆನೆಯನ್ನು ನೋಡಿ, ವಿಚಾರಿಸಿ ನನ್ನ ಹೆಸರು ಹಿಡಿದು ಬಂದಿದ್ದರು.

"ನೀವೇ ಬಂದು ನಮ್ಮ ಹೆಣ್ಮಕ್ಕಳಿಗೆ ಕಲಸ್ಬೇಕ್ರಿ. ವಾರದಾಗ ಒಂದು ದಿನ ಬಂದ್ರ ಸಾಕು."

ಯುಗಾದಿ ಮುಗಿಯಲಿ ಎಂದು ಹೇಳಿ ಕಳಿಸಿದೆ. ಅವರು ಹೋದ ಮೇಲೆ ಮಷಿನ್ನಿನ ಮುಂದೆ ಕುಳಿತೆ. ಇಪ್ಪತ್ತು ಮೂವತ್ತು ಹೆಂಗಸರ ಮುಂದೆ ನಿಂತು ಆ ಸೆಟೆದ ಕಾಲಿನ ಆನೆಯನ್ನು ತೋರಿಸುವುದನ್ನು ನೆನೆಸಿಕೊಂಡೆ. ಎದ್ದು ಪರದೆ ಸರಿಸಿದೆ.

"ಏ ದೇವಿ, ನನಗ ಆನಿ ಹೊಲಿಯೂದು ಕಲಸು."

ಆಕೆ ತಲೆ ಎತ್ತಿದಳು. "ನಕ್ಷಾ ತರ್ರಿ."

"ಇಲ್ಲ. ಸುಟ್ಟೀನಿ."

ಆಕೆ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನನ್ನು ನೋಡಿದಳು. ನಾನು ಸುಳ್ಳು ಹೇಳಿದ ದಿನವೂ ಆ ಮುಖ ಹಾಗಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು.

"ಅದು ನಾ ಓದಿದ ಮೊದಲ್ನೇ ಕಾಗದ ಇತ್ರಿ. ಸಾಲಿ ಬಿಟ್ಟ ಮ್ಯಾಲೆ ಪೂರಾ ಓದಿದ್ದು ಅದೊಂದೇ. ನಿಮ್ಮನ್ನ ಕೇಳಿದ್ರ ಹೇಳ್ಲಿಲ್ಲ ನೀವು, ಅದು ಹೇಳ್ತು."

ಆಕೆ ಎದ್ದು ಅಂಗಡಿಗೆ ಬಂದಳು. ನನ್ನ ಮೇಜಿನ ಮೇಲೆ ಪ್ಯಾಂಟಿಗೆ ಕತ್ತರಿಸಿ ಉಳಿದ ಕರೀ ಬಟ್ಟೆಯ ತುಂಡುಗಳಿದ್ದವು. ನನ್ನ ಚಾಕ್ ತೆಗೆದುಕೊಂಡಳು, ಗೆರೆ ಹಾಕುವ ಬಿಳಿ ಸೀಮೆಸುಣ್ಣ. "ಆನಿ ನಿಮ್ಮದಾತು, ಅದನ್ನ ನಾ ಮುಟ್ಟೂದಿಲ್ಲ" ಅಂದಳು. ಬಟ್ಟೆಯ ಮೇಲೆ ಒಂದು ಉದ್ದ ಬಾಗು ಎಳೆದಳು. ಒರೆಸಿದಳು. ಮತ್ತೆ ಎಳೆದಳು. ನೋಡನೋಡುತ್ತಿದ್ದಂತೆ ಬೆನ್ನು ಬಂತು, ಇಳಿಬಿದ್ದ ಕಿವಿ ಬಂತು, ಅಗಲ ಮೂತಿ ಬಂತು. ಎಮ್ಮೆಕರು. ಜವಳಗೇರಾದ ಕಾಲುವೆಯಲ್ಲಿ ಎಮ್ಮೆಗಳನ್ನು ಮೈತೊಳೆಯಲು ಹೊಡೆದುಕೊಂಡು ಹೋಗುತ್ತಿದ್ದ ಹುಡುಗಿಗೆ ಅದರ ಮೈ ಬಾಯಿಪಾಠವಿತ್ತು. ನನ್ನ ಹೊಸ ಕತ್ತರಿಯನ್ನು ನನ್ನನ್ನು ಕೇಳದೆ ಎತ್ತಿಕೊಂಡಳು. ನಾನು ಬೇಡ ಅನ್ನಲಿಲ್ಲ.

ಎರಡು ದಿನದಲ್ಲಿ ಅದು ಎದ್ದು ಕುಳಿತಿತು. ಮುಂಗಾಲು ಮಡಚಿ, ಕತ್ತು ಚಾಚಿ, ಈಗಷ್ಟೇ ನೀರಿನಿಂದ ಎದ್ದುಬಂದ ಹಾಗೆ. ರೇಣುಕಾ ಆನೆಯನ್ನು ಬಿಟ್ಟು ಅದರ ಕೊರಳಿಗೆ ಜೋತುಬಿದ್ದಳು. ನನಗೆ ಇಷ್ಟು ದಿನ ಒಂದು ಸಮಾಧಾನವಿತ್ತು: ಏನೇ ಮಾಡಿದರೂ ಯಾರೋ ಬರೆದ ಗೆರೆಯ ಮೇಲೆ ಮಾಡಿದ್ದಲ್ಲವೇ ಎಂಬುದು. ಈ ಕರುವಿನ ನಕ್ಷೆ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಹೊಟ್ಟೆಕಿಚ್ಚಿಗೆ ಇದ್ದ ಒಂದು ಆಸರೆಯೂ ಹೋಯಿತು. ನಾನು ಎಂಥ ಕೈಯನ್ನು ಆರು ವರ್ಷ ಕಾಜಾ ಹಾಕಲು ಕೂರಿಸಿದ್ದೆ! ಅಂಗಡಿ ಮುಚ್ಚಿ ಲಿಂಗಸುಗೂರಿನ ಬಸ್ಸು ಹತ್ತಿದೆ.

ಉಸ್ತಾದರು ಅಂಗಡಿಯಲ್ಲಿ ಶೇರ್ವಾನಿಯೊಂದಕ್ಕೆ ಕಾಲರ್ ಕೂಡಿಸುತ್ತಿದ್ದರು. ನಿಂತೇ ಹೇಳಿದೆ.

"ಉಸ್ತಾದ್, ಆ ಆನಿ ನಂದಲ್ಲ. ನನ್ನ ಹೆಂಡತಿ ಹೊಲದದ್ದು. ಸುಳ್ಳು ಹೇಳೀನಿ."

ಸೂಜಿ ನಿಂತಿತು. ಅವರು ಕ್ಷಮಿಸುತ್ತಾರೆ ಅಥವಾ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಬಂದದ್ದು ಬೇರೆಯದೇ ಸಿಟ್ಟು.

"ಹರಾಮ್‌ಖೋರ್! ನಾ ಇಡೀ ಬಜಾರಕ್ಕ ಹೇಳಿ ಕುಂತೀನಿ! ನನ್ನ ಶಾಗಿರ್ದ, ನನ್ನ ಶಾಗಿರ್ದ ಅಂತ ಈ ಮುದುಕ ಅಂಗಡಿ ಅಂಗಡಿ ತಿರುಗ್ಯಾನ. ಈಗ ಹೋಗಿ ಸುಳ್ಳು ಅಂತ ನಾ ಹೇಳ್ಲೇನು?"

"ಮಾಫ್ ಮಾಡ್ರಿ, ಉಸ್ತಾದ್."

"ನನ್ನ ಮಾಫಿ ತಗೊಂಡು ಏನ್ ಮಾಡ್ತಿ? ನಡಿ. ಚಪ್ಪಲಿ ಹಾಕ್ಕೋ. ನೀನೇ ಹೇಳು ನಡಿ."

ಅಲ್ಲೇ ಆಡುತ್ತಿದ್ದ ತಮ್ಮ ಮೊಮ್ಮಗಳ ಕೈಯಿಂದ ಆನೆಯನ್ನು ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ಮಧ್ಯಾಹ್ನದ ಬಿಸಿಲು. ಎಪ್ಪತ್ತರ ಮುದುಕ ಮುಂದೆ, ನಾನು ಹಿಂದೆ. ಮೊದಲು ಬಟ್ಟೆ ಅಂಗಡಿ. ಆಮೇಲೆ ದಾರ, ಗುಂಡಿ ಮಾರುವವನ ಅಂಗಡಿ. ಆಮೇಲೆ ನನ್ನ ಜೊತೆ ಕಲಿತು ಅಲ್ಲೇ ಅಂಗಡಿ ಇಟ್ಟಿದ್ದ ಇಬ್ಬರು ಟೇಲರುಗಳು. ಪ್ರತಿ ಬಾಗಿಲಲ್ಲೂ ಉಸ್ತಾದರು ನನ್ನನ್ನು ಮುಂದೆ ನೂಕಿ, "ಹೇಳು" ಅನ್ನುವರು. "ಈ ಆನಿ ನಾ ಮಾಡಿದ್ದಲ್ಲ, ನನ್ನ ಹೆಂಡತಿ ದೇವಮ್ಮ ಮಾಡ್ಯಾಳ" ಎಂದು ನಾನು ಹೇಳುವೆ. ಮೊದಲ ಅಂಗಡಿಯಲ್ಲಿ ಧ್ವನಿಯೇ ಹೊರಡಲಿಲ್ಲ, ಎರಡು ಸಲ ಹೇಳಿಸಿದರು. ಜೊತೆಯವರು ಬಿದ್ದುಬಿದ್ದು ನಕ್ಕರು. ಐದನೆಯದೋ ಆರನೆಯದೋ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಆನೆಯನ್ನು ತೆಗೆದುಕೊಂಡು ತೊಡೆಯ ಮೇಲೆ ನಿಲ್ಲಿಸಿಕೊಂಡಳು. "ಹೌದೇನಪ್ಪ? ಪುಣ್ಯಾತಗಿತ್ತಿ. ನನಗ ಅಕೀನ್ನ ಒಮ್ಮೆ ನೋಡ್ಬೇಕನಸ್ತೈತಿ" ಅಂದಳು. ಹೌದೇ, ನನ್ನ ಹೆಂಡತಿಯನ್ನು ಜನ ನೋಡಬೇಕು ಅನ್ನುತ್ತಾರೆ. ಆ ಮಾತಿಗೂ ಹೊಟ್ಟೆಕಿಚ್ಚಾಯಿತು. ಆದರೆ ಆ ಕಿಚ್ಚಿನ ಪಕ್ಕದಲ್ಲಿ ಬೇರೆಯದೊಂದು ಮೊದಲ ಸಲ ಮಿಸುಕಾಡಿತು. ಅದಕ್ಕೆ ಏನು ಹೆಸರೆಂದು ಆಗ ಗೊತ್ತಾಗಲಿಲ್ಲ.

ಕೊನೆಗೆ ಚಹಾದ ಹೋಟೆಲಿನಲ್ಲಿ ಕೂರಿಸಿ ಉಸ್ತಾದರೇ ಚಹಾ ಕುಡಿಸಿದರು. "ಪ್ಯಾಂಟು ನೀ ಚಲೋ ಹೊಲೀತಿ" ಅಂದರು. "ನಾ ಹೇಳಿದ್ದಿಲ್ಲ. ಹೇಳಬೇಕಿತ್ತು. ಅದು ನನ್ನ ತಪ್ಪು." ಅಷ್ಟು ವರ್ಷ ಕಾದಿದ್ದ ಮಾತು ಅದು. ಕಿವಿಗೆ ಬಿದ್ದಾಗ ಚಹಾ ಕುಡಿಯುವುದನ್ನೂ ಮರೆತೆ. ಕಪ್ಪಿನೊಳಗೆ ನೋಡುತ್ತ ಕುಳಿತೆ.

ಮುಂದೆ ದೇವಮ್ಮ ಹಟ್ಟಿಗೆ ಹೋಗಿ ಎರಡು ವರ್ಷ ಕಲಿಸಿದಳು. ವಾರಕ್ಕೊಂದು ದಿನ ಬೆಳಿಗ್ಗೆ ಬಸ್ಸಿಗೆ ನಾನೇ ಹತ್ತಿಸಿ ಬರುತ್ತಿದ್ದೆ. ಆಕೆ ಮಾಡಿದ ಎಮ್ಮೆಕರು, ಹೋತ, ಬಾತುಕೋಳಿಗಳು ಎಷ್ಟು ಮನೆಗಳಿಗೆ ಹೋದವೋ ಲೆಕ್ಕವಿಲ್ಲ. ಅದರ ಜೊತೆಗೇ ನನ್ನ ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹಟ್ಟಿಯಿಂದ ಬಂದ ಸಂಜೆಗಳಲ್ಲಿ ಆಕೆಯ ಮುಖದ ಕಳೆ ನೋಡಿ ಎಷ್ಟೋ ಸಲ ನಾನು ಮಾತು ಆಡದೆ ಉಂಡಿದ್ದೇನೆ. ಅದು ಬಂದಾಗ ಗುರುತು ಹಿಡಿಯಲು ಕಲಿತೆ, ಅಷ್ಟೇ.

ಇದೆಲ್ಲ ಆಮೇಲಿನ ಮಾತು. ಲಿಂಗಸುಗೂರಿನಿಂದ ಬಂದ ಆ ಸಂಜೆ ದೇವಮ್ಮ ಹೊಸ್ತಿಲಲ್ಲಿ ಕುಳಿತು ರೇಣುಕಾಳ ತಲೆ ಬಾಚುತ್ತಿದ್ದಳು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಉಸ್ತಾದರ ಬೈಗುಳ, ಬಿಸಿಲು, ಜೊತೆಯವರ ನಗು, ಆ ಮುದುಕಿ ಆಡಿದ ಮಾತು. ಆಕೆ ಬಾಚುವುದನ್ನು ನಿಲ್ಲಿಸಲಿಲ್ಲ. ಜಡೆ ಮುಗಿಸಿ, ತುದಿಗೆ ಟೇಪು ಕಟ್ಟಿ, ಮಗಳನ್ನು ಆಡಲು ಕಳಿಸಿ ನನ್ನ ಕಡೆ ತಿರುಗಿದಳು.

"ಎಷ್ಟು ಅಂಗಡಿಗೆ ಹೋಗಿದ್ರಿ?"

"ಒಂಬತ್ತು."

ಆಕೆ ತಲೆ ಅಲ್ಲಾಡಿಸಿದಳು. ಹಣಿಗೆಗೆ ಸಿಕ್ಕಿದ್ದ ಕೂದಲನ್ನು ಬಿಡಿಸಿದಳು.

"ಮತ್ತ ಮಸ್ಕ್ಯಾಗ ಎಷ್ಟು ಅದಾವು?"

ನಾನು ಲಿಂಗಸುಗೂರಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ "ಆನಿ ಅವರದು" ಎಂದು ಆಕೆ ಹೇಳಿದಾಗಲೆಲ್ಲ ಮಸ್ಕಿಯವರ ಎದುರು ನಾನು ಅಲ್ಲ ಅಂದಿರಲಿಲ್ಲ. ಲಿಂಗಸುಗೂರಿನಲ್ಲಿ ಒಂಬತ್ತು ಅಂಗಡಿಗೆ ಹೇಳಿ ಬಸ್ಸು ಹತ್ತಿ ಬಂದಿದ್ದೆ. ಮಸ್ಕಿಯಲ್ಲಿ ಪ್ರತಿ ದಿನ ಮುಖ ತೋರಿಸಬೇಕು. ನಮ್ಮ ಅಂಗಡಿಯ ನೇರ ಎದುರಿಗೇ ಶರಣಪ್ಪನ ಟೇಲರ್ ಅಂಗಡಿ ಇತ್ತು. ನನಗಿಂತ ಹಳಬ, ನನ್ನ ಒಂದು ತಪ್ಪಿಗಾಗಿ ಆರು ವರ್ಷದಿಂದ ಕಾಯುತ್ತಿದ್ದವನು.

ಮರುದಿನ ಬೆಳಿಗ್ಗೆ ಆತ ಬಾಗಿಲು ತೆರೆಯುವುದನ್ನೇ ನೋಡುತ್ತ ನಿಂತೆ. ಸಿಂಧನೂರಿನ ಮೊದಲ ಬಸ್ಸು ಧೂಳೆಬ್ಬಿಸಿ ಹೋಯಿತು. ಹಿಂದೆ ಪರದೆ ಸರಿದ ಸದ್ದಾಯಿತು. ದೇವಮ್ಮ ಎಮ್ಮೆಕರುವನ್ನು ಎದೆಗೆ ಆನಿಸಿಕೊಂಡು ಅಂಗಡಿಯ ಬಾಗಿಲಿಗೆ ಬಂದು ನಿಂತಳು.

"ಗಟ್ಟಿಯಾಗಿ ಹೇಳ್ರಿ," ಅಂದಳು. "ಇಲ್ಲೀತನ ಕೇಳಿಸ್ಬೇಕು."

ನಾನು ರಸ್ತೆ ದಾಟಿದೆ.